ಕೊನೆಗೆ ಹಾಕುವ ಫ್ಯೂಜು

ಸಾವಕಾರ ಕುಬೇರಪ್ಪನವರ ಲಾರಿ ಯುದ್ಧ ಕಂಡು ಬಂದದ್ದು. ೧೯೪೬ರಲ್ಲಿ ಪುಣೆಯ ಮಿಲಿಟರಿ ಲಿಲಾವಿನಲ್ಲಿ ಕೂಗಿ ಹಿಡಿದು ತಂದಾಗ ಡ್ರೈವರನ ಮುಂದಿನ ಹಲಗೆಯಲ್ಲಿ ಎರಡು ಸ್ವಿಚ್ಚು ಕೆಲಸವಿಲ್ಲದೆ ಕೂತಿದ್ದವು. ಹಿಂದೆ ಅವಕ್ಕೆ ಏನು ಜೋಡಿಸಿದ್ದರೋ, ಆ ಮಿಲಿಟರಿಯವರೇ ಬಲ್ಲರು. ಮರುವರ್ಷದ ಬೇಸಿಗೆಯಲ್ಲಿ ಡ್ರೈವರ್ ಯಲ್ಲಪ್ಪ ಅವಕ್ಕೊಂದು ಕೆಲಸ ಹುಡುಕಿದ. ಲಾರಿಯಿಂದಿಳಿದು, ಎರಡು ಹಳೆಯ ದೀಪಗಳನ್ನು ಬಗಲಲ್ಲಿ ಅವುಚಿಕೊಂಡು, ಶಿಗ್ಗಾಂವಿಯ ಹುಣಸೆ ಮರದ ಬುಡದಲ್ಲಿ ಗಾಡಿ ರಿಪೇರಿ ಮಾಡುವ ಹೊಳಬಸಪ್ಪ ಮಿಸ್ತ್ರಿಯ ಮುಂದೆ ಬಂದು ನಿಂತ.

“ಹೊಳಬಸಣ್ಣಾ, ಬಂಪರಿಗೆ ಇವೆರಡು ಕುಂದ್ರಿಸಿ ಕೊಡು. ಇದ್ದ ದೀಪದ ಬೆಳಕು ಸಾಲವಲ್ದು.”

ಹೊಳಬಸಪ್ಪನಿಗೆ ಏಳುವುದೇ ಬೇಡವಾಗಿತ್ತು. ಮುಂಜಾನೆಯಿಂದ ಬಸ್ಸೊಂದರ ಅಡಿಯಲ್ಲಿ ಬಿದ್ದುಕೊಂಡಿದ್ದ ಸೊಂಟ ಅದು. “ಆ ದೀಪಾ ಹ್ವಾದ ತಿಂಗಳ ನಾನ ರಿಪೇರಿ ಮಾಡೇನಿ. ಅದರ ಬೆಳಕಿನ್ಯಾಗ ಸೂಜಿ ಪೋಣಿಸಬಹುದು,” ಎಂದ.

“ಎಲಿ ಹೇರೋ ಗಾಡಿ ಅಣ್ಣಾ. ಬಿಸಿಲು ಏರೋದ್ರಾಗ ಮುಟ್ಟಬೇಕು. ದಾರಿ ಎಲ್ಲಾ ಕತ್ತಲ.”

ಅದು ಸುಳ್ಳಲ್ಲ. ಸವಣೂರಿನ ವೀಳ್ಯದೆಲೆ ಬಿಸಿಲು ತಡೆಯುವುದಿಲ್ಲ. ಸಂಜೆ ಹೇರಿದ ಎಲೆ ಹಾನಗಲ್ಲು ದಾಟಿ, ಹೊತ್ತೇರುವ ಮೊದಲೇ ಹಿರೇಕೆರೂರಿಗೆ ಹೋಗಬೇಕು. ಬುಟ್ಟಿಗಳ ನಡುವೆ ಸಂತೆಯ ಹೆಂಗಸರು ಹತ್ತು ಹನ್ನೆರಡು ಮಂದಿ ಕೂತಿರುತ್ತಿದ್ದರು. ಹೊಳಬಸಪ್ಪನ ಹೆಂಡತಿ ಹಾಲವ್ವನೂ ಅವರಲ್ಲಿ ಒಬ್ಬಳು. ಮಿಸ್ತ್ರಿ ಸೊಂಟ ಹಿಡಿದುಕೊಂಡು ಎದ್ದ.

“ಇದ್ದ ದೀಪದ ತಂತಿಗೇ ಸುತ್ತಿಬಿಡು, ಮುಗೀತು,” ಎಂದ ಯಲ್ಲಪ್ಪ.

“ಹಂಗ ಸುತ್ತಿದ್ರ ಗಾಡೀನ ಮುಗೀತದ,” ಎಂದು ಮಿಸ್ತ್ರಿ ಸಿಡುಕಿದ. ಒಂದೇ ಎತ್ತಿಗೆ ಎರಡು ಚಕ್ಕಡಿ ಕಟ್ಟುವ ಜನ ಇವರು! ಮೊದಲು ಬ್ಯಾಟರಿಯ ತಂತಿ ಕಳಚಿದ. ಹೊಸ ದೀಪಕ್ಕೆಂದೇ ಬೇರೆ ದಪ್ಪ ತಂತಿ ಎಳೆದು, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಜಿಗೆ ಜಾಗ ಮಾಡಿದ. ತಗಡಿನ ತೂತಿನಲ್ಲಿ ತಂತಿ ಹಾಯುವ ಕಡೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದ. ಇಲ್ಲದಿದ್ದರೆ ಕುಲುಕಾಟಕ್ಕೆ ತಂತಿಯ ಮೈ ಸವೆದು ಕಿಡಿ ಹಾರುತ್ತದೆ. ಒಂದೊಂದು ದೀಪಕ್ಕೆ ಒಂದೊಂದು ಸ್ವಿಚ್ಚು. ಅರ್ಥಿಂಗ್ ತಂತಿಯನ್ನು, ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿದ. ಬ್ಯಾಟರಿ ಮತ್ತೆ ಜೋಡಿಸಿದ. ಫ್ಯೂಜು ಮಾತ್ರ ಕಿಸೆಯಲ್ಲೇ ಉಳಿಯಿತು. ಎಲ್ಲವನ್ನೂ ಮತ್ತೊಮ್ಮೆ ತಡವಿ ನೋಡಿ, ಕಟ್ಟಕಡೆಗೆ ಅದನ್ನು ಹಾಕುವುದು ಅವನ ಪದ್ಧತಿ. ಇಪ್ಪತ್ತು ವರ್ಷದಲ್ಲಿ ಅವನ ಕೈಯ ಗಾಡಿ ಒಂದೂ ಸುಟ್ಟಿರಲಿಲ್ಲ. ಅವನಿಗಿದ್ದ ಜಂಬ ಅದೊಂದೇ.

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಬಹಳ ದಿನ ಮುಟ್ಟದ ಸ್ವಿಚ್ಚು ಜಾಮಾಗಿದೆಯೋ ಏನೋ ನೋಡೋಣವೆಂದು ಮಿಸ್ತ್ರಿ ಒಳಗೆ ಹತ್ತಿ ಒಂದನ್ನು ಟಕ್ಕೆಂದು ಒತ್ತಿದ.

ಎದುರಿಗೆ ಹತ್ತು ಹೆಜ್ಜೆ ದೂರ ನಿಂತಿದ್ದ ಯಲ್ಲಪ್ಪ ತಟ್ಟನೆ ಕೈ ಮುಗಿದ. ಮುಸ್ಸಂಜೆ ದೀಪ ಹತ್ತಿದರೆ ಈ ಊರಲ್ಲಿ ಕೈ ಮುಗಿಯದವರು ಯಾರು? ಚಿಮಣಿಯಾದರೇನು, ಲಾರಿಯದಾದರೇನು.

“ಹತ್ತಿತು ಅಣ್ಣಾ! ಏನ್ ಬೆಳಕು!”

ಹೊಳಬಸಪ್ಪನಿಗೆ ನಗು ಬಂತು. ಚೇಷ್ಟೆ ಮಾಡುತ್ತಾನೆ ಅಂದುಕೊಂಡು ಇನ್ನೊಂದನ್ನೂ ಒತ್ತಿದ. ಯಲ್ಲಪ್ಪ ಮತ್ತೆ ಕೈ ಮುಗಿದ. ಆ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಕಿವಿ ಮಾತ್ರ ಸ್ವಿಚ್ಚಿನ ಸದ್ದಿನ ಕಡೆಗೆ ವಾಲಿತ್ತು. ಮಿಸ್ತ್ರಿಯ ಕೈ ಕಿಸೆಗೆ ಹೋಯಿತು. ಫ್ಯೂಜು ಅಲ್ಲೇ ಇತ್ತು.

ಇಳಿದು ಬಂದು ಹತ್ತಿರ ನಿಂತ. “ಎಷ್ಟು ದಿನಾ ಆತು, ಯಲ್ಲಪ್ಪ?”

“ಏನು?”

“ಫ್ಯೂಜ್ ನನ್ನ ಕೈಯಾಗ ಐತಿ. ದೀಪ ಹತ್ತಿಲ್ಲ.”

ಯಲ್ಲಪ್ಪ ಮರದ ಬೇರನ್ನು ತಡವಿ ಕುಳಿತ. “ದಸರಾದಿಂದ. ಎರಡೂ ಕಣ್ಣಿಗೆ ಪೊರಿ ಬಂದೈತಿ. ಬೆಳಕು ಹೆಚ್ಚಾದ್ರ ಕಾಣಬಹುದು ಅನಕೊಂಡೆ. ಮೊನ್ನೆ ಹಾನಗಲ್ಲ ದಾರ್ಯಾಗ ಎದುರಿಗೆ ಚಕ್ಕಡಿ ಬಂತು. ಎತ್ತಿನ ಗಂಟಿ ಕೇಳಿ ನಿಂದ್ರಿಸಿದೆ.”

ಮೊನ್ನೆ ಹಾಲವ್ವ ಅದೇ ಗಾಡಿಯಲ್ಲಿದ್ದಳು. ಗಕ್ಕನೆ ನಿಲ್ಲಿಸಿದ್ದಕ್ಕೆ ಬುಟ್ಟಿ ಉರುಳಿತೆಂದು ಮನೆಗೆ ಬಂದು ಬೈದಾಡಿದ್ದಳು. ಹೊಳಬಸಪ್ಪನಿಗೆ ಸಿಟ್ಟು ನೆತ್ತಿಗೇರಿತು, ಏರಿದಷ್ಟೇ ಬೇಗ ಇಳಿಯಿತು. ಬೈಯುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

“ಸಾವಕಾರ್ಗೆ ಹೇಳಬ್ಯಾಡಣ್ಣಾ. ಸ್ಟೇರಿಂಗ್ ಬಿಟ್ರ ಈ ಕೈಗೆ ಬ್ಯಾರೇ ಏನೂ ಬರೂದಿಲ್ಲ.”

“ಬುಟ್ಟಿ ನಡುವ ಹಾಲವ್ವ ಇದ್ಲು ಯಲ್ಲಪ್ಪ,” ಎಂದ ಮಿಸ್ತ್ರಿ. ಅಷ್ಟೇ ಅಂದ.

ಯಲ್ಲಪ್ಪ ತಲೆ ತಗ್ಗಿಸಿದ. ಆಮೇಲೆ ಬಂಪರಿಗೆ ಒರಗಿಸಿಟ್ಟ, ಎಂಜಿನ್ ತಿರುವುವ ಹ್ಯಾಂಡಲನ್ನು ತಡಕಾಡಿ ಹುಡುಕಿ ತಂದು ಮಿಸ್ತ್ರಿಯ ಕೈಗಿಟ್ಟ. “ನೀನ ಹೇಳು. ನನ್ನ ಬಾಯಿಲೆ ಆಗೂದಿಲ್ಲ.”

“ನಾಳೆ ಸಾವಕಾರ್ ಕಡೆ ನಿನ್ನ ಜೋಡಿ ನಾನೂ ಬರ್ತೇನಿ. ಇವತ್ತಿನ ಎಲಿ ಬಾಡಿದ್ರ ಬಾಡ್ಲಿ.”

ಅರ್ಧ ಮಾಡಿದ ಕೆಲಸ ಬಿಟ್ಟು ಏಳಲು ಹೊಳಬಸಪ್ಪನಿಗೆ ಬರುತ್ತಿರಲಿಲ್ಲ. ಫ್ಯೂಜು ಹಾಕಿ, ಒಳಗೆ ಹತ್ತಿ, ಎರಡೂ ಸ್ವಿಚ್ಚು ಒತ್ತಿದ. ಹುಣಸೆಯ ಕಾಂಡ ಬುಡದಿಂದ ಕವಲಿನವರೆಗೆ ಬೆಳಗಿತು. ಬೆಳ್ಳನೆಯ ಮಬ್ಬು ಯಲ್ಲಪ್ಪನಿಗೂ ಕಂಡಿರಬೇಕು, ಆದರೂ ಅವನು ನಂಬಲಿಲ್ಲ. ಮೆಲ್ಲಗೆ ಮುಂದೆ ಬಂದು, ಗಾಜಿನೆದುರು ಅಂಗೈ ಹಿಡಿದು, ಬಿಸಿ ತಗಲುವವರೆಗೆ ನಿಂತ.

“ಈಗ ಹತ್ಯಾವು,” ಎಂದು ಕೈ ಮುಗಿದ.