ಸದ್ದಿಲ್ಲದ ಬಕೆಟ್ ಪಡೆ

ಸಾಂಟಾ ಕ್ಲಾರಾದಲ್ಲಿ ಶಿವರಾಮುವಿನಷ್ಟು ಜೋರಾಗಿ ನಗುವ ಮನುಷ್ಯ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಸಂಭವವೂ ಇಲ್ಲ. ಶನಿವಾರ ಸಂಜೆ ಟಿ.ವಿ. ಮುಂದೆ ಕೂತು ಅವನು ಒಮ್ಮೆ ನಕ್ಕರೆ ಎಲ್ ಕಮಿನೋ ರಸ್ತೆಯ ಸಿಗ್ನಲ್ ದೀಪಗಳು ಬೆದರಿ ಮೂರೂ ಬಣ್ಣ ಒಟ್ಟಿಗೆ ಹೊತ್ತಿಸುತ್ತಿದ್ದವು. ಕೊಲ್ಲಿಯಾಚೆ ಹೇವರ್ಡಿನ ಗೋದಾಮುಗಳ ಕಾವಲು ನಾಯಿಗಳು ಭೂಕಂಪವಾಯಿತೆಂದು ಬೊಗಳುತ್ತಿದ್ದವು. ಪಕ್ಕದ ಅಪಾರ್ಟ್‌ಮೆಂಟಿನವರಂತೂ ತಡೆಯಲಾರದೆ ಗೋಡೆ ಬಡಿಯುತ್ತಿದ್ದರು. ಹೀಗೆಂದು ಊರಿಗೆಲ್ಲ ಹೇಳಿಕೊಂಡು ಬಂದವನು ಸ್ವತಃ ಶಿವರಾಮುವೇ. ಗೋಡೆ ಬಡಿದ ಸದ್ದು ಮಾತ್ರ ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ.

ನಗುವಿಗೆ ಕಾರಣ ಇಂಗ್ಲೆಂಡಿನ ಒಂದು ಹಳೆಯ ಹಾಸ್ಯ ಧಾರಾವಾಹಿ. ಮಹಾಯುದ್ಧದ ಕಾಲ, ಸಮುದ್ರದಂಚಿನ ಪುಟ್ಟ ಊರು. ಜರ್ಮನರ ಬಾಂಬು ಬಿದ್ದರೆ ಬೆಂಕಿ ಆರಿಸಬೇಕೆಂದು ಮರಳು ತುಂಬಿದ ಬಕೆಟ್ ಹಿಡಿದು ಆಕಾಶ ನೋಡುತ್ತ ನಿಂತ ಒಂದು ಹಿಂಡು ಮುದುಕರು. ಬಾಂಬು ಯಾವತ್ತೂ ಬೀಳುವುದಿಲ್ಲ, ಮುದುಕರು ಮಾತ್ರ ಒಬ್ಬರ ಮೇಲೊಬ್ಬರು ಬೀಳುತ್ತಲೇ ಇರುತ್ತಾರೆ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಮನೆಯವರ ಬಾಯಲ್ಲಿ ಅದು ‘ಬಕೆಟ್ ಪಡೆ’. ಜಾಹೀರಾತು ಹಾಕದೆ ವರ್ಷವಿಡೀ ಚಂದಾ ಬೇಡುವ ಚಾನೆಲ್ಲಿನಲ್ಲಿ ಅದು ಬಂದಾಗಲೆಲ್ಲ ಶಿವರಾಮು ಟೇಪಿನಲ್ಲಿ ಹಿಡಿದಿಟ್ಟಿದ್ದ. ಅದನ್ನೇ ತಿರುಗಿಸಿ ತಿರುಗಿಸಿ ನೋಡಿ ಟೇಪು ಎಷ್ಟು ಸವೆದಿತ್ತೆಂದರೆ ಮುದುಕರ ಮೀಸೆಗಳು ಮುಖ ಬಿಟ್ಟು ಪಕ್ಕಕ್ಕೆ ಜಾರಿದ್ದವು.

ಇಷ್ಟೆಲ್ಲ ನೋಡಿಯೂ ಆ ಧಾರಾವಾಹಿಯ ಒಂದೇ ಒಂದು ಮಾತೂ ಶಿವರಾಮುವಿಗೆ ತಿಳಿಯುತ್ತಿರಲಿಲ್ಲ. ಆಫೀಸಿನ ಇಂಗ್ಲಿಷು ಅವನಿಗೆ ನೀರು ಕುಡಿದಂತೆ. ಆದರೆ ಈ ಮುದುಕರು ಮಾತಿನ ಅರ್ಧವನ್ನು ಮೂಗಿನಲ್ಲಿ, ಇನ್ನರ್ಧವನ್ನು ಮೀಸೆಯೊಳಗೆ ಆಡುವವರು. ಹಾಗಾಗಿ ಟಿ.ವಿ.ಯೊಳಗಿನ ಕಾಣದ ಪ್ರೇಕ್ಷಕರು ಗೊಳ್ಳೆಂದಾಗ ಅವನೂ ಗೊಳ್ಳೆನ್ನುತ್ತಿದ್ದ. ಅವರು ಸುಮ್ಮನಾದರೆ ಸುಮ್ಮನಾಗುತ್ತಿದ್ದ. ಇದು ಹೆಂಡತಿ ಪ್ರಭಾಳಿಗೆ ಗೊತ್ತಿಲ್ಲದ್ದೇನಲ್ಲ.

“ರೀ, ಆ ಜನ ನಕ್ಕ ಮೇಲೇನೇ ನೀವು ನಗ್ತೀರಲ್ಲ, ಯಾಕೆ?”

“ಮರ್ಯಾದೆಗೆ ಕಣೇ! ಅವ್ರು ಸ್ಟುಡಿಯೋ ತನಕ ಹೋಗಿ ಕೂತಿರೋರು. ಮೊದ್ಲು ಅವ್ರು ನಗ್ಲಿ.”

ಇಂಥ ಮನುಷ್ಯ ಒಂದು ದಿನ ಆಫೀಸಿನ ಊಟದ ಕೋಣೆಯಲ್ಲಿ ಬಾಯಿ ಬಿಟ್ಟ. ಅವನ ಮ್ಯಾನೇಜರು ಪೆಂಬರ್ಟನ್ ಅಪ್ಪಟ ಇಂಗ್ಲೆಂಡಿನವನು. ತನ್ನ ಗುಂಪಿನ ಮುಂದಾಳಾಗಿ ಒಬ್ಬ ಲೀಡ್ ಬೇಕೆಂದು ಹುಡುಕುತ್ತಿದ್ದ. ಆ ಪಟ್ಟದ ಮೇಲೆ ಶಿವರಾಮುವಿಗೆ ಎಂಥ ಕಣ್ಣೆಂದರೆ, ಕನಸಿನಲ್ಲಿ ಆಗಲೇ ಲೀಡ್‌ಗೆ ಸಿಗುವ ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತು ಕಿಟಕಿ ಒರೆಸಿ ಬಂದಿದ್ದ. ಪೆಂಬರ್ಟನ್ ಸ್ಯಾಂಡ್‌ವಿಚ್ ಕಚ್ಚುತ್ತ, ತನ್ನೂರಿನ ಒಂದು ಹಳೆಯ ಹಾಸ್ಯ ಧಾರಾವಾಹಿ, ಬಕೆಟ್ ಹಿಡಿದ ಮುದುಕರದ್ದು, ಅದನ್ನು ಈ ದೇಶದಲ್ಲಿ ಯಾರೂ ಬಲ್ಲವರಿಲ್ಲವೆಂದು ನಿಟ್ಟುಸಿರಿಟ್ಟ.

“ಯಾಕಿಲ್ಲ? ನಾನಿದೀನಿ!” ಎಂದುಬಿಟ್ಟ ಶಿವರಾಮು. “ಪೂರ್ತಿ ಟೇಪ್ ಇದೆ. ಮಾತು ಮಾತೂ ಬಾಯಿಪಾಠ. ನಾನು ನಗೋದಕ್ಕೆ ಪಕ್ಕದ ಮನೆಯವರು ಗೋಡೆ ಬಡೀತಾರೆ!”

ಪೆಂಬರ್ಟನ್ನನ ಕಣ್ಣುಗಳು ಒದ್ದೆಯಾದವು. “ಹಾಗಾದರೆ ಈ ಶನಿವಾರ ನಿನ್ನ ಮನೆಗೇ ಬರುತ್ತೇನೆ. ಲೀಡ್ ವಿಷಯವನ್ನೂ ಅಲ್ಲೇ ಮಾತಾಡೋಣ” ಎಂದ.

ಆ ಶನಿವಾರ ಆಯುಧಪೂಜೆ. ಪ್ರಭಾಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಅವಳ ತಾಯಿ ಗೌರಮ್ಮ ಬೆಳಗಿನಿಂದಲೇ ಅರಿಸಿನ ಕುಂಕುಮ ಹಿಡಿದು ಮನೆಯ ಮೇಲೆ ದಂಡೆತ್ತಿ ಹೊರಟಿದ್ದರು. ಟೊಯೋಟಾದ ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಮಿಕ್ಸಿ, ವ್ಯಾಕ್ಯೂಮ್, ಟೋಸ್ಟರ್ ಎಲ್ಲಕ್ಕೂ ಬೊಟ್ಟು ಬಿತ್ತು. ಸ್ಮೋಕ್ ಅಲಾರಮ್ಮಿಗೆ ಕುರ್ಚಿ ಹತ್ತಿ ಹೂ ಮುಡಿಸಿದರು. ಊದುಬತ್ತಿಯ ಹೊಗೆಗೆ ಅದು ಅರಚಿಕೊಂಡಾಗ, ದೇವರೇ ಓಗೊಟ್ಟನೆಂದು ಕೈ ಮುಗಿದರು. ಕೊನೆಗೆ ಟಿ.ವಿ. ಎದುರು ನಿಂತು, ಮನೆಗೆ ಅತ್ಯಂತ ಉಪಕಾರಿಯಾದ ಆಯುಧ ಇದೇ ಎಂದು ತೀರ್ಮಾನಿಸಿ, ಮಾವಿನೆಲೆ ಸಿಗದ ದೇಶದಲ್ಲಿ ದೊಡ್ಡದೊಂದು ಲೆಟಿಸ್ ಎಲೆಯನ್ನೇ ಕಲಶದಲ್ಲಿ ಅದ್ದಿ, ಅರಿಸಿನದ ನೀರನ್ನು ಟಿ.ವಿ.ಯ ಮೇಲೆ ಮನಸಾರೆ ಪ್ರೋಕ್ಷಿಸಿದರು. ನೀರು ಪಕ್ಕದ ಸ್ಪೀಕರಿನ ತೂತುಗಳೊಳಗೆ ಇಳಿಯಿತು. ಟಿ.ವಿ. ‘ಕರ್ರ್’ ಎಂದು ಒಮ್ಮೆ ನರಳಿತು. ಆಮೇಲೆ ಚಿತ್ರ ಉಳಿಯಿತು, ಧ್ವನಿ ಹೋಯಿತು.

ಸಂಜೆ ಪೆಂಬರ್ಟನ್ ಬಿಸ್ಕತ್ತಿನ ಡಬ್ಬ ಹಿಡಿದು ಬಂದ. ಸೋಫಾದಲ್ಲಿ ಕೂತ. ಪ್ರಭಾ ಒಬ್ಬಟ್ಟು, ಕಡಲೆಕಾಳು ಉಸಲಿ ತಂದಿಟ್ಟಳು. ಶಿವರಾಮು ಟೇಪು ಹಾಕಿದ. ಮುದುಕರು ಬಕೆಟ್ ಹಿಡಿದು ಬಂದರು, ಬಾಯಿ ತೆರೆದರು, ಮುಚ್ಚಿದರು. ಸದ್ದಿಲ್ಲ. ಶಿವರಾಮು ಗುಂಡಿ ತಿರುಗಿಸಿದ, ವೈರು ಎಳೆದ, ಟಿ.ವಿ.ಯ ತಲೆಗೆ ಎರಡು ತಟ್ಟಿದ. ಸದ್ದಿಲ್ಲವೆಂದರೆ ಸದ್ದಿಲ್ಲ. ಅವನ ಎದೆಯೊಳಗೆ ಯುದ್ಧಕಾಲದ ಸೈರನ್ನೇ ಕೂಗಿತು. ನಗುವ ಪ್ರೇಕ್ಷಕರೂ ಮುದುಕರ ಜೊತೆಗೇ ಮೂಕರಾಗಿದ್ದರು. ಇನ್ನು ಎಲ್ಲಿ ನಗಬೇಕೆಂದು ಅವನಿಗೆ ಹೇಳುವವರು ಯಾರು?

“ಟಿ.ವಿ. ಕೆಟ್ಟಿದೆ ಸರ್, ಇನ್ನೊಂದು ದಿನ ನೋಡೋಣ” ಎಂದು ತೊದಲಿದ.

“ಕೆಟ್ಟರೇನು?” ಪೆಂಬರ್ಟನ್ ತೋಳು ಮಡಿಸಿದ. “ನಿನಗೂ ಬಾಯಿಪಾಠ, ನನಗೂ ಬಾಯಿಪಾಠ. ಮೀಸೆಯ ನಾಯಕನ ಮಾತು ನನ್ನದು, ಕನ್ನಡಕದ ಪೋಸ್ಟ್‌ಮ್ಯಾನಿನದು ನಿನ್ನದು!”

ಅಷ್ಟಂದು ಪೆಂಬರ್ಟನ್ ಗಂಟಲು ದಪ್ಪ ಮಾಡಿಕೊಂಡು ನಾಯಕನ ಮಾತನ್ನು ಗುಡುಗಿ, ತಾನೇ ಬಿದ್ದು ಬಿದ್ದು ನಕ್ಕು, ಶಿವರಾಮುವಿನ ಕಡೆ ಕೈ ತೋರಿಸಿದ. ಶಿವರಾಮು ಬಾಯಿ ತೆರೆದ. ಪರದೆಯ ಮೇಲೆ ಪೋಸ್ಟ್‌ಮ್ಯಾನೂ ತೆರೆದ. ಇಬ್ಬರ ಬಾಯಿಂದಲೂ ಒಂದೇ ಬಗೆಯ ಮೌನ ಹೊರಟಿತು. ಕಿಟಕಿ ಪಕ್ಕದ ಮೇಜು ರೆಕ್ಕೆ ಕಟ್ಟಿಕೊಂಡು ರೆಡ್‌ವುಡ್ ಸಿಟಿಯ ಕಡೆ ಹಾರಿಹೋಗುತ್ತಿರುವುದು ಅವನ ಕಣ್ಣಿಗೆ ಕಂಡಿತು.

ಆಗ ಕೆಳಗೆ ಚಾಪೆಯ ಮೇಲೆ ಮಗುವನ್ನು ತೊಡೆಗೆ ಹಾಕಿಕೊಂಡು ಕೂತಿದ್ದ ಗೌರಮ್ಮ ಮಾತಾಡಿದರು. ಮಧ್ಯಾಹ್ನ ಮಗು ಮಲಗಿದಾಗ ದಿನವೂ ಸದ್ದು ಮುಚ್ಚಿ ಇದೇ ಟೇಪು ನೋಡುತ್ತಿದ್ದವರು ಅವರು. ಅವರ ಪಾಲಿಗೆ ಇವತ್ತು ಟಿ.ವಿ. ಸರಿಯಾಗಿಯೇ ಇತ್ತು.

“ಯಾಕೆ ನಿಂತ್ಕಂಡಿಯೋ ಬೆಪ್ಪೆ? ಸಾರು ತಣ್ಣಗಾಯ್ತಾ ಅದೆ, ಓಗು, ಬಡ್ಸು!” ಎಂದರು ಪರದೆಗೆ.

“ಏನಂತಾರೆ ಇವರು?” ಪೆಂಬರ್ಟನ್ ಕಿವಿ ನಿಮಿರಿಸಿದ.

“ಅದು... ಸಾರು ತಣ್ಣಗಾಗ್ತಿದೆಯಂತೆ ಸರ್.”

“ಯಾವ ಸಾರು?”

ಶಿವರಾಮು ಅತ್ತೆಯ ಕಡೆ ತಿರುಗಿದ. “ಅತ್ತೆ, ಯಾವ ಸಾರು?”

“ಅಯ್ಯೋ ಅಳಿಯಂದ್ರೆ, ದಿನಾ ನೋಡಿ ಅಷ್ಟೂ ತಿಳೀಲಿಲ್ವಾ? ಬಕೀಟಲ್ಲಿರೋ ಸಾರು! ಇದು ಮದ್ವೆ ಮನೆ. ಇವ್ರೆಲ್ಲ ಬಡ್ಸೋರು. ಆ ಮೀಸೆಯೋನು ಹೆಣ್ಣಿನ ಅಪ್ಪ. ಬೀಗ್ರು ಬತ್ತಾರೆ ಬತ್ತಾರೆ ಅಂತ ಬೆಳಗ್ಗಿಂದ ಬಕೀಟು ಹಿಡ್ಕಂಡು ಕಾಯ್ತಾ ಅವ್ರೆ, ಒಬ್ಬ ಬೀಗನೂ ಪತ್ತೆ ಇಲ್ಲ. ಮಳೆ ಬಂದು ಚಪ್ಪರ ನೆಂದೋದಾತು ಅಂತ ಆಕಾಶ ನೋಡ್ತಾರೆ.”

ಶಿವರಾಮು ಬೆವರು ಒರೆಸಿಕೊಳ್ಳುತ್ತ ಇಂಗ್ಲಿಷಿಗೆ ತಿರುಗಿಸಿದ. ಪೆಂಬರ್ಟನ್ ಮಿಕಮಿಕ ನೋಡಿದ. “ಅಂದರೆ ಜರ್ಮನರು ಗಂಡಿನ ಕಡೆಯವರೇ?”

“ಹೌದು ಸರ್.”

“ತಲೆಗೆ ಕಬ್ಬಿಣದ ಟೋಪಿ ಯಾಕಂತೆ ಕೇಳು.”

“ಹೋದ ಮದ್ವೇಲಿ ಹಪ್ಪಳ ಸಾಲ್ದೆ ಬೀಗ್ರು ಚೊಂಬು ಎಸ್ದಿದ್ರು. ಈ ಸಲ ಉಸಾರಾಗವ್ರೆ” ಎಂದರು ಗೌರಮ್ಮ, ತಾವೇ ಆ ಪಂಕ್ತಿಯಲ್ಲಿ ಕೂತು ಉಂಡಿದ್ದವರ ಹಾಗೆ.

ಪೆಂಬರ್ಟನ್ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕಡೆಗೆ ಸೋಫಾದ ಸ್ಪ್ರಿಂಗಿನಲ್ಲಿ ನಕ್ಕ. ಪರದೆಯಲ್ಲಿ ಪೋಸ್ಟ್‌ಮ್ಯಾನ್ ಮುಗ್ಗರಿಸಿ ಬಕೆಟ್ ಚೆಲ್ಲಿದಾಗ, ಗೌರಮ್ಮ “ಓಯ್ತು, ಪಾಯಸ!” ಎಂದು ಎದೆ ಬಡಿದುಕೊಂಡರು. ಅರ್ಥ ಹೇಳುವ ಮೊದಲೇ ಪೆಂಬರ್ಟನ್ ಒಬ್ಬಟ್ಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖ ತುಂಬ ಹೂರಣ ಮಾಡಿಕೊಂಡ.

ಕಂತು ಮುಗಿದ ಮೇಲೆ ಅವನು ಶಿವರಾಮುವನ್ನೇ ದಿಟ್ಟಿಸಿದ. “ಬಾಯಿಪಾಠ ಅಂದೆಯಲ್ಲ, ಒಂದು ಮಾತೂ ಹೇಳಲಿಲ್ಲ?”

ಶಿವರಾಮು ಹೊಸದೊಂದು ಬೊಗಳೆಗಾಗಿ ತಲೆಯೆಲ್ಲ ತಡಕಿದ. ಇವತ್ತು ಅಲ್ಲಿ ಒಂದೂ ಸ್ಟಾಕ್ ಇರಲಿಲ್ಲ. “ಒಂದಕ್ಷರವೂ ತಿಳಿಯಲ್ಲ ಸರ್. ಅವರು ನಕ್ಕಾಗ ನಾನು ನಗ್ತೀನಿ, ಅಷ್ಟೆ.”

“ಯಾವಾಗಲೂ ಸರಿಯಾದ ಜಾಗದಲ್ಲೇ?”

“ಈ ತನಕ ಒಂದು ಸಲವೂ ತಪ್ಪಿಲ್ರೀ” ಎಂದಳು ಪ್ರಭಾ, ಅಡುಗೆಮನೆಯ ಬಾಗಿಲಿನಿಂದ, ಪೆಂಬರ್ಟನ್ನನಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ. ‘ರೀ’ ಒಂದು ಮಾತ್ರ ಕನ್ನಡದಲ್ಲಿ ಉಳಿಯಿತು.

ಪೆಂಬರ್ಟನ್ ಬಾಗಿಲತ್ತ, ಕಿಟಕಿಯತ್ತ ನೋಡಿ, ಸೋಫಾದಲ್ಲಿ ಹತ್ತಿರ ಸರಿದು ದನಿ ತಗ್ಗಿಸಿದ. “ಕೇಳು. ನಮ್ಮ ವೈಸ್ ಪ್ರೆಸಿಡೆಂಟ್ ಪ್ರತಿ ಮೀಟಿಂಗಿನಲ್ಲೂ ಬೇಸ್‌ಬಾಲಿನ ಜೋಕು ಹೇಳುತ್ತಾನೆ. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ. ಹೋದ ತಿಂಗಳು ತಪ್ಪು ಜಾಗದಲ್ಲಿ ನಕ್ಕುಬಿಟ್ಟೆ. ಅವನು ಹೇಳುತ್ತಿದ್ದದ್ದು ಯಾರದೋ ಮಂಡಿ ಮುರಿದ ಕಥೆಯಂತೆ. ನನ್ನ ಪಕ್ಕದಲ್ಲಿ ಕೂತು, ಸಮಯಕ್ಕೆ ಸರಿಯಾಗಿ ನಕ್ಕು, ಮೊಣಕೈಯಿಂದ ತಿವಿಯುವ ಒಬ್ಬ ಲೀಡ್ ನನಗೆ ಬೇಕು.”

ಸೋಮವಾರ ಶಿವರಾಮು ಕಿಟಕಿ ಪಕ್ಕದ ಮೇಜಿನಲ್ಲಿ ಕೂತ. ಮಧ್ಯಾಹ್ನದ ಮೀಟಿಂಗಿನಲ್ಲಿ ಅವನು ತಿವಿದ ತಿವಿತಕ್ಕೆ ಪೆಂಬರ್ಟನ್ನನ ಪಕ್ಕೆಲುಬು ನೀಲಿಗಟ್ಟಿತು. ವೈಸ್ ಪ್ರೆಸಿಡೆಂಟ್ ತನ್ನ ಜೋಕು ಇಂಗ್ಲೆಂಡಿನವರಿಗೂ ಹಿಡಿಸಿತೆಂದು ಬೀಗಿ ಬಾಗಿಲಗಲ ಆದ.

ಮುಂದಿನ ಶನಿವಾರದ ಹೊತ್ತಿಗೆ ಟಿ.ವಿ. ರಿಪೇರಿಯಾಗಿ ಬಂದಿತ್ತು. ಪೆಂಬರ್ಟನ್ ಕರೆಯದೆಯೇ ಬಂದು, ಸೋಫಾ ಬಿಟ್ಟು, ಚಾಪೆಯ ಮೇಲೆ ಗೌರಮ್ಮನವರ ಪಕ್ಕದಲ್ಲಿ ಮಂಡಿ ಮಡಿಸಲಾರದೆ ಮಡಿಸಿ ಕೂತ. ಟೇಪು ಓಡಿತು. ಮುದುಕರು ಮೂಗಿನಲ್ಲಿ ಮಾತಾಡಿದರು, ಪ್ರೇಕ್ಷಕರು ಗೊಳ್ಳೆಂದರು, ಶಿವರಾಮುವೂ ಬಾಯಿ ತೆರೆಯುವುದರಲ್ಲಿದ್ದ.

“ಏನ್ ಗದ್ದಲ ಇದು! ಒಂದ್ ಮಾತೂ ಕೇಳದಂಗಾಯ್ತು” ಎಂದರು ಗೌರಮ್ಮ.

ಪೆಂಬರ್ಟನ್ನನಿಗೆ ಯಾರೂ ಅರ್ಥ ಹೇಳಲಿಲ್ಲ. ಅವನೇ ಚಾಪೆಯ ಮೇಲೆ ತೆವಳಿ ಹೋಗಿ, ಟಿ.ವಿ.ಯ ಗುಂಡಿ ತಿರುಗಿಸಿ, ತನ್ನ ನಾಡಿನ ಮಾತನ್ನು ತನ್ನ ಕೈಯಾರೆ ಸೊನ್ನೆಗಿಳಿಸಿ ಬಂದ.

“ಈಗ ನೋಡ್ಕಳಿ” ಎಂದರು ಗೌರಮ್ಮ. “ಹೆಣ್ಣಿನಪ್ಪ ಸಿಟ್ಟಾಗವ್ನೆ. ಬೀಗ್ರು ಬರದಿದ್ರೆ ಓಗ್ಲಿ, ನಾವೇ ಕೂತು ಉಣ್ಣೋವ ಅಂತಾವ್ನೆ.”

ಮೀಸೆಯ ನಾಯಕ ಬಕೆಟನ್ನು ಮಗುಚಿ ಅದರ ಮೇಲೆ ಕೂತ. ಕೂತ ರಭಸಕ್ಕೆ ಬಕೆಟ್ ಜಾರಿತು, ನಾಯಕ ಮೇಲಕ್ಕೆ ಕಾಲೆತ್ತಿ ಬಿದ್ದ. ಗೌರಮ್ಮ ಇನ್ನೂ ಏನೂ ಅಂದಿರಲಿಲ್ಲ, ಪೆಂಬರ್ಟನ್ ನಕ್ಕಿರಲಿಲ್ಲ, ಪ್ರೇಕ್ಷಕರ ಬಾಯಿಗೆ ಬೀಗ ಬಿದ್ದಿತ್ತು. ಶಿವರಾಮು ಒಬ್ಬನೇ, ಯಾರನ್ನೂ ಕಾಯದೆ, ಹೊಟ್ಟೆ ಹಿಡಿದುಕೊಂಡು ಅದೆಂಥ ನಗು ನಕ್ಕನೆಂದರೆ ಮಗು ಬೆಚ್ಚಿ ಎದ್ದಿತು, ಕಪಾಟಿನ ಲೋಟಗಳು ತಾಳ ಹಾಕಿದವು.

ಪಕ್ಕದ ಅಪಾರ್ಟ್‌ಮೆಂಟಿನವರು ದಬದಬನೆ ಗೋಡೆ ಬಡಿದರು.

“ಕೇಳ್ಸಿತಾ?” ಎಂದ ಶಿವರಾಮು ಎದ್ದು ನಿಂತು, ಎದೆಯುಬ್ಬಿಸಿ. “ಕೇಳ್ಸಿತಾ ಪ್ರಭಾ? ನಾನು ಹೇಳಿರ್ಲಿಲ್ವಾ!”