ಜಯವ್ವನ ಕೈ ಉರಿ

ಮಾಲತೇಶನ ಎಡಗಲ್ಲದ ಮೇಲೆ ಆರು ಹಲ್ಲಿನ ಗುರುತು ಎದ್ದಿದ್ದವು. ಮೇಲೆ ಮೂರು, ಕೆಳಗೆ ಮೂರು. ಹುಡುಗ ಒಂದು ಗಳಿಗೆ ಅಳುವುದನ್ನೂ ಮರೆತು ಬಾಯಿ ತೆರೆದು ನಿಂತಿದ್ದ. ಆಮೇಲೆ ಅಂಗನವಾಡಿಯ ತಗಡು ಹಾರಿಹೋಗುವ ಹಾಗೆ ಚೀರಿದ. ಅವನೆದುರು ನಾಲ್ಕು ವರ್ಷದ ಭುವನಾ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ತುಟಿ ಬಿಗಿದು ನೋಡುತ್ತಿದ್ದಳು.

ಮಹೇಶ್ವರಿ ಎರಡೇ ಹೆಜ್ಜೆಗೆ ಅಲ್ಲಿಗೆ ಬಂದವಳು ಭುವನಾಳ ಕೆನ್ನೆಗೆ ಒಂದು ಬಾರಿಸಿದಳು.

ಹನ್ನೊಂದು ವರ್ಷ ಬ್ಯಾಡಗಿಯ ಆ ಓಣಿಯಲ್ಲಿ ಅಂಗನವಾಡಿ ನಡೆಸಿದವಳು ಮಹೇಶ್ವರಿ. ಓಣಿಯವರಿಗೆಲ್ಲ ಅವಳು ‘ಅಕ್ಕೋರು’. ಗದರಿದ್ದಳು, ಮೂಲೆಯಲ್ಲಿ ನಿಲ್ಲಿಸಿದ್ದಳು, ಆದರೆ ಕೂಸಿನ ಮುಖದ ಮೇಲೆ ಕೈ ಮಾಡಿರಲಿಲ್ಲ. ಅವಳ ಮಕ್ಕಳು ಗೆರೆ ಎಳೆದ ಹಾಗೆ ಸಾಲಾಗಿ ಕೂರುತ್ತಾರೆಂದು ಹಾವೇರಿಯಿಂದ ಬರುವ ಮೇಲ್ವಿಚಾರಕಿ ಹೊಗಳುತ್ತಿದ್ದರು. ತೂಕದ ಪುಸ್ತಕ, ಹಾಜರಿ ಪುಸ್ತಕ, ಆಹಾರದ ಪುಸ್ತಕ ಎಲ್ಲವೂ ಚೊಕ್ಕ. ಯಾವ ಮಗು ಎಷ್ಟು ಕಿಲೋ ಎಂದು ಬರೆಯಲು ಅಲ್ಲಿ ಜಾಗವಿತ್ತು. ಯಾವ ಮಗು ಯಾಕೆ ಅತ್ತಿತು ಎಂದು ಬರೆಯಲು ಜಾಗವಿರಲಿಲ್ಲ, ಮಹೇಶ್ವರಿಗೆ ಅದರ ಕೊರತೆ ಎಂದೂ ಅನ್ನಿಸಿರಲೂ ಇಲ್ಲ.

ಭುವನಾ ಅಳಲಿಲ್ಲ. ಹೊಡೆದ ಕೈಯನ್ನೇ ನೋಡಿದಳು. ಮಹೇಶ್ವರಿ ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಸುದ್ದಿ ಓಣಿ ದಾಟಲು ಹೊತ್ತು ಬೇಕಾಗಲಿಲ್ಲ. ಮಾಲತೇಶನ ಅಜ್ಜಿ ಸುಶೀಲವ್ವ ಬಂದಳು. ಮೆಣಸಿನಕಾಯಿ ವ್ಯಾಪಾರದ ಮನೆಯ ಹಿರಿಯಾಕೆ. ನಡೆದು ಬಂದರೆ ಮಾತು ಅವಳಿಗಿಂತ ಮೊದಲು ಬಂದು ಮುಟ್ಟುತ್ತಿತ್ತು.

“ಏನ್ರಿ ಅಕ್ಕೋರ, ಇದು ಸಾಲಿಯೋ ನಾಯಿ ದೊಡ್ಡಿಯೋ? ದೇವರಗುಡ್ಡಕ್ಕ ಹರಕಿ ಹೊತ್ತು ಪಡದ ಕೂಸು ಇದು. ಗಲ್ಲಾ ನೋಡ್ರಿ ಹೆಂಗಾಗೈತಿ! ಈ ತಿಂಗಳಾಗ ಇದು ಎಷ್ಟನೇದು?”

“ನಾಕನೇದ್ರಿ,” ಎಂದಳು ಮಹೇಶ್ವರಿ. ಸುಳ್ಳು ಹೇಳುವ ಹಾಗಿರಲಿಲ್ಲ.

“ಸೋಮವಾರದೊಳಗ ಆ ಹುಡುಗೀನ ಬಿಡಸ್ರಿ. ಇಲ್ಲಾಂದ್ರ ನಮ್ಮ ಓಣಿ ಹುಡುಗೂರು ಒಬ್ರೂ ಬರಂಗಿಲ್ಲ. ಆಮ್ಯಾಲೆ ನೀವು ಬರೇ ಗ್ವಾಡಿಗೆ ಪಾಠಾ ಹೇಳ್ರಿ.”

ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಅಂದು ಶುಕ್ರವಾರ.

ಸಹಾಯಕಿ ಮಹಮೂದಾಬೇಗಂ ಒಲೆಯ ಮುಂದೆ ಕೂತು ಪಾತ್ರೆ ಉಜ್ಜುತ್ತಿದ್ದಳು. ತಲೆ ಎತ್ತದೆ ಹೇಳಿದಳು, “ಕಡಿಯೋ ಕೂಸು ಹಸದಿರತೈತಿ ಅಕ್ಕೋರ.”

“ಎಂಥಾ ಹಸಿವು ಬೇಗಂ? ಎರಡು ಸಲ ಹಾಕಿಸ್ಕೊಂಡು ಉಪ್ಪಿಟ್ಟು ತಿಂದಾಳ.”

“ಅನ್ನದ ಹಸಿವು ಅಂದ್ನೇನು ನಾ?”

ಮಹೇಶ್ವರಿಗೆ ಆ ಮಾತು ಸೇರಲಿಲ್ಲ. ಆದರೆ ತಲೆಯಿಂದ ಹೋಗಲೂ ಇಲ್ಲ.

ಸಂಜೆ ನಾಲ್ಕಕ್ಕೆ ಮಕ್ಕಳೆಲ್ಲ ಹೋದರು. ಭುವನಾಳನ್ನು ಕರೆದೊಯ್ಯಲು ದಿನಾ ಅವಳ ಅಜ್ಜಿ ಬರುತ್ತಿದ್ದಳು, ಅಂದು ಬರಲಿಲ್ಲ. ಅರ್ಧ ತಾಸು ಕಾಯ್ದು ಮಹೇಶ್ವರಿ ತಾನೇ ಬೀಗ ಹಾಕಿ ಹೊರಟಳು. ಕೈ ಚಾಚಿದಳು, ಹುಡುಗಿ ಹಿಡಿಯಲಿಲ್ಲ. ಎರಡು ಮಾರು ಹಿಂದೆಯೇ ನಡೆದು ಬಂದಳು. ಫೆಬ್ರುವರಿ ತಿಂಗಳು, ಮೆಣಸಿನಕಾಯಿಯ ಹಂಗಾಮು. ಮಾರುಕಟ್ಟೆ ಕಡೆಯಿಂದ ಗಾಳಿ ಬೀಸಿದರೆ ಊರಿಗೆ ಊರೇ ಸೀನುವ ಕಾಲ.

ಮನೆಯಲ್ಲಿ ಅಜ್ಜಿ ಜ್ವರದಿಂದ ಮುಸುಕು ಹಾಕಿ ಮಲಗಿದ್ದಳು. ಮಗುವನ್ನು ಹಾಗೆ ಬಿಟ್ಟು ಬರುವುದು ಸರಿಯಲ್ಲವೆಂದು ಮಹೇಶ್ವರಿ ಕಟ್ಟೆಯ ಮೇಲೆ ಕೂತಳು. ಭುವನಾ ಇನ್ನೊಂದು ತುದಿಗೆ ಕೂತು ಓಣಿಯ ತಿರುವನ್ನೇ ನೋಡುತ್ತಿದ್ದಳು.

ಆರರ ಹೊತ್ತಿಗೆ ತಿರುವಿನಲ್ಲಿ ಹೆಂಗಸರ ಗುಂಪೊಂದು ಕಂಡಿತು. ತಲೆಗೆ ಬಟ್ಟೆ, ಮೂಗಿಗೆ ಬಟ್ಟೆ, ಸೀರೆಯ ಮೇಲೆಲ್ಲ ಕೆಂಪು ಧೂಳು. ಇಡೀ ದಿನ ರಾಶಿಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿದು ಬಂದವರು. ಅವರಲ್ಲಿ ಒಬ್ಬಳು ಭುವನಾಳ ಅವ್ವ ಜಯವ್ವ. ಹುಡುಗಿ ಕಟ್ಟೆಯಿಂದ ಹಾರಿ ಓಡಿದಳು. ಮಹೇಶ್ವರಿ ಅಷ್ಟು ದಿನದಲ್ಲಿ ಆ ಮುಖದ ಮೇಲೆ ಅಂಥ ನಗು ಕಂಡಿರಲೇ ಇಲ್ಲ.

“ಏ, ಮುಟ್ಟಬ್ಯಾಡ! ದೂರ ನಿಂದ್ರು!”

ಜಯವ್ವ ಎರಡೂ ಕೈ ತಲೆಯ ಮೇಲೆ ಎತ್ತಿ ಹಿಂದೆ ಸರಿದಳು. ಓಡಿ ಬರುತ್ತಿದ್ದ ಹುಡುಗಿ ಕೀಲಿ ಮುಗಿದ ಗೊಂಬೆಯ ಹಾಗೆ ನಿಂತಳು. ಕೈ ಬೆನ್ನ ಹಿಂದೆ ಹೋದವು. ತುಟಿ ಬಿಗಿಯಿತು. ತಾಯಿ ಪಕ್ಕದಿಂದ ದಾಟಿ ಬಚ್ಚಲಿಗೆ ಹೋದಳು.

ಮಹೇಶ್ವರಿಗೆ ಆಗ ನೆನಪಾಯಿತು. ಬೆಳಿಗ್ಗೆ ಮಾಲತೇಶನ ಅವ್ವ ಅವನನ್ನು ಬಾಗಿಲಲ್ಲಿ ಬಿಡುವಾಗ ಸೆರಗಿನಿಂದ ಮುಖ ಒರೆಸಿ, ಎಡಗಲ್ಲಕ್ಕೆ ಮುತ್ತು ಕೊಟ್ಟು ಹೋಗಿದ್ದಳು. ಭುವನಾ ಕಚ್ಚಿದ್ದೂ ಎಡಗಲ್ಲವನ್ನೇ. ಹಿಂದಿನ ವಾರ ಕೈ ಕಚ್ಚಿಸಿಕೊಂಡ ಹುಡುಗಿಗೆ ಅವಳ ಅವ್ವ ಅಂದು ಬೆಳಿಗ್ಗೆ ಅದೇ ಕೈಗೆ ಬಳೆ ತೊಡಿಸಿ ಕಳಿಸಿದ್ದಳು. ಎಲ್ಲವೂ ಕಣ್ಣೆದುರಿಗೇ ನಡೆದಿತ್ತು. ತಾನು ನೋಡಿದ್ದು ಹಲ್ಲಿನ ಗುರುತನ್ನು ಮಾತ್ರ.

ಜಯವ್ವ ಕೈ ತೊಳೆದು ಬಂದು ಅಕ್ಕೋರನ್ನು ಕಂಡು ಗಾಬರಿಯಾದಳು. “ಮತ್ತ ಕಡದ್ಲೇನ್ರಿ? ಹೊಡೀರಿ ಅಕಿನ್ನ, ನಾ ಏನೂ ಅನ್ನಂಗಿಲ್ಲ.”

“ಹೊಡದೇನಿ,” ಎಂದಳು ಮಹೇಶ್ವರಿ. “ಅದಿರ್ಲಿ. ಕೂಸು ಓಡಿ ಬಂದ್ರ ಯಾಕ ದೂರ ತಳ್ಳತಿ ಜಯವ್ವ?”

ಜಯವ್ವ ಅಂಗೈ ತೆರೆದು ತೋರಿಸಿದಳು. ಬೆರಳ ತುದಿಗಳ ಚರ್ಮ ಸುಲಿದು ಕೆಂಪಗೆ ಹೊಳೆಯುತ್ತಿತ್ತು. “ಎಷ್ಟು ತೊಳದ್ರೂ ಖಾರ ಹೋಗಂಗಿಲ್ರಿ ಅಕ್ಕೋರ. ಉರೀತಾವ. ಅಕಿ ಎರಡು ವರ್ಷದಾಕಿ ಇದ್ದಾಗ ಹಿಂಗ ಬಂದು ಕಣ್ಣೀರು ಒರಸಿದ್ನಿ. ಬೆಳತನಕಾ ಚೀರಿದ್ಲು. ಕಣ್ಣು ಹೋದವು ಅಂತ ತಿಳದಿದ್ನಿ. ಅವತ್ತಿಂದ ನನಗ ಮುಟ್ಟಾಕ ಅಂಜಿಕಿ. ಜಳಕಾ ಮಾಡಸಾಕೂ ನಮ್ಮತ್ತಿ, ತಲಿ ಬಾಚಾಕೂ ನಮ್ಮತ್ತಿ.”

“ಅಕಿಗೆ ಇದನ್ನ ಹೇಳೀಯೇನು?”

“ಏನು?”

“ಕೈ ಉರೀತಾವ, ಅದಕ್ಕ ಮುಟ್ಟಂಗಿಲ್ಲ ಅಂತ.”

“ಸಣ್ಣ ಕೂಸಿಗೆ ಏನ್ ಹೇಳೂದ್ರಿ? ತಿಳೀತೈತೇನು?”

ಮಹೇಶ್ವರಿ ಮಕ್ಕಳಿಗೆ ಬಣ್ಣದ ಹೆಸರು, ಹಣ್ಣಿನ ಹೆಸರು ಹೇಳಿಕೊಟ್ಟಿದ್ದಳು. ಇಂಥದ್ದನ್ನು ಹೇಳಿ ನೋಡಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದಳು, “ಖಾರ ಹತ್ತಿದ್ದು ಕೈಗೆ. ಹಣಿಗೆ ಹತ್ತಿಲ್ಲಲ್ಲ? ಮುಖಾ ತೊಳಕೊಂಡು ಬಾ. ಹಣಿಗೆ ಹಣಿ ಹಚ್ಚು.”

ಜಯವ್ವ ನಾಚಿ ನಕ್ಕಳು. ಆದರೂ ಮುಖ ತೊಳೆದು ಬಂದಳು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಮೊಣಕಾಲೂರಿ ಮಗಳ ಮುಂದೆ ಬಾಗಿದಳು. ಹುಡುಗಿ ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ತಾಯಿಯ ಹಣೆಗೆ ತನ್ನ ಹಣೆಯನ್ನು ಮೆಲ್ಲಗೆ ಮುಟ್ಟಿಸಿ, ಹಾಗೇ ನಿಂತುಬಿಟ್ಟಳು. ಮಹೇಶ್ವರಿ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಟಳು.

ಮರುದಿನ ಬೆಳಿಗ್ಗೆ ಅವಳಿಗೆ ಅದಕ್ಕಿಂತ ಕಷ್ಟದ ಕೆಲಸವೊಂದು ಕಾದಿತ್ತು. ಪ್ರಾರ್ಥನೆಗೆ ಮೊದಲೇ ಭುವನಾಳನ್ನು ಕರೆದು ಚಾಪೆಯ ಮೇಲೆ ಅವಳೆದುರು ಕೂತಳು. ಮಹಮೂದಾಬೇಗಂ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೋಡಿದಳು.

“ಭುವನಾ, ನಿನ್ನೆ ನಾ ನಿನಗ ಹೊಡದ್ನಿ. ಹೊಡೀಬಾರದಿತ್ತು. ನಂದು ತಪ್ಪಾತು.”

ಹುಡುಗಿ ಅವಳ ಬಲಗೈಯನ್ನೇ ನೋಡಿದಳು. ಆಮೇಲೆ ಕೇಳಿದಳು, “ನಿಮ್ಮ ಕೈನೂ ಉರಿಯಾಕತ್ತಿದ್ವೇನ್ರಿ?”

ಮಹೇಶ್ವರಿಗೆ ಗೊತ್ತಾಯಿತು: ರಾತ್ರಿ ಜಯವ್ವ ಮಗಳಿಗೆ ಹೇಳಿದ್ದಾಳೆ, ಮಗಳಿಗೆ ತಿಳಿದೂ ಇದೆ. “ಹೂಂ,” ಎಂದಳು. “ಹೊಡದಾದ ಮ್ಯಾಲೆ ಭಾಳ ಉರದ್ವು.”

ಅಂದು ಸಾಲಾಗಿ ಕೂರಿಸಲಿಲ್ಲ. ಸುತ್ತ ದುಂಡಗೆ ಕೂರಿಸಿಕೊಂಡು, “ನಿಮ್ಮ ನಿಮ್ಮ ಅವ್ವನ ಕೈ ಹೆಂಗದಾವ, ಹೇಳ್ರಿ,” ಎಂದಳು. ಗದ್ದಲವೋ ಗದ್ದಲ. ಒಬ್ಬನ ಅವ್ವನ ಕೈ ಬಟ್ಟೆ ಒಗೆಯುವ ಸಬಕಾರದ ವಾಸನೆ. ಒಬ್ಬಳ ಅವ್ವನ ಕೈ ತಣ್ಣಗೆ. ಒಬ್ಬ ಎದ್ದು ನಿಂತು, “ನಮ್ಮವ್ವನ ಕೈ ಲಟ್ಟಣಗಿ ತಗೊಂಡು ಬರತಾವ!” ಎಂದ. ಎಲ್ಲರೂ ನಕ್ಕರು. ಗಲ್ಲದ ಮೇಲೆ ಅರಿಸಿನ ಮೆತ್ತಿಸಿಕೊಂಡಿದ್ದ ಮಾಲತೇಶನೂ ನಕ್ಕ. ಶನಿವಾರ ಅರ್ಧ ದಿನವೆಂದು ಹಟ ಮಾಡಿ ಬಂದಿದ್ದ ಅವನು.

“ನಮ್ಮವ್ವನ ಕೈ ಉರೀತಾವ,” ಎಂದಳು ಭುವನಾ. ಉಳಿದ ಮಕ್ಕಳ ಮುಂದೆ ಅವಳಾಗಿ ಆಡಿದ ಮೊದಲ ಮಾತು ಅದು. “ಮೆಣಸಿನಕಾಯಿಗೆ ಉರೀತಾವ. ಅದಕ್ಕ ನನ್ನ ಮುಟ್ಟಂಗಿಲ್ಲ.”

ಬ್ಯಾಡಗಿಯ ಮಕ್ಕಳಿಗೆ ಮೆಣಸಿನಕಾಯಿಯ ಉರಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ.

ಮಾಲತೇಶ ಕೇಳಿದ, “ಭಾಳ ಉರೀತಾವೇನು?”

“ಹೂಂ.”

ಅವನು ಯೋಚಿಸಿದ. “ಊದು,” ಎಂದ. “ನಮ್ಮಜ್ಜಿ ನನ್ನ ಗಲ್ಲಾ ಊದಿದ್ಲು. ಕಡಿಮಿ ಆತು.”

ಯಾರ ಹಲ್ಲು ನೆಟ್ಟ ನೋವಿಗೆ ಆ ಮದ್ದು ಎಂಬುದು ಅವನಿಗೆ ನೆನಪಿತ್ತೋ ಇಲ್ಲವೋ. ಭುವನಾಳಿಗೆ ನೆನಪಿತ್ತು. ಅವಳು ಅವನ ಗಲ್ಲವನ್ನು ನೋಡಿ ತಲೆ ತಗ್ಗಿಸಿದಳು.

ಭಾನುವಾರ ಸಂಜೆ ಜಯವ್ವ ಹುಡುಕಿಕೊಂಡು ಮಹೇಶ್ವರಿಯ ಮನೆಗೇ ಬಂದಳು. ಕೂರೆಂದರೂ ಕೂರಲಿಲ್ಲ. “ಅಕ್ಕೋರ, ಏನ್ ಹೇಳಿಕೊಟ್ಟೀರಿ ಅಕಿಗೆ? ನಿನ್ನೆ ನಾ ಬಂದ ಕೂಡಲೇ ಕೈ ಮುಂದ ಮಾಡು ಅಂದ್ಲು. ಕುಂತು ಊದಿದ್ಲು. ಬೆರಳು ಬೆರಳಿಗೂ ಊದಿದ್ಲು. ಉಸಿರು ಹತ್ತಿ ಕೆಮ್ಮಿದ್ರೂ ಬಿಡಲಿಲ್ಲ. ಹದಿಮೂರು ವರ್ಷ ಆತು ನಾ ಈ ಕೆಲಸಾ ಹಿಡದು. ನನ್ನ ಕೈ ಏನಾಗ್ಯಾವ ಅಂತ ಒಬ್ರೂ ಕೇಳಿದ್ದಿಲ್ಲ.” ತೋಳಿನಿಂದ ಕಣ್ಣೊರೆಸಿಕೊಂಡಳು, ಕೈ ತಾಗದ ಹಾಗೆ.

ಸೋಮವಾರ ಬೆಳಿಗ್ಗೆಯೇ ಸುಶೀಲವ್ವ ಬಂದಳು. ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು. ಭುವನಾ ಚಾಪೆಯ ಮೇಲೆ ಕೂತಿರುವುದನ್ನು ಕಂಡು ಅವಳ ಹುಬ್ಬು ಮೇಲೇರಿತು.

ಮಹೇಶ್ವರಿ ರಾತ್ರಿಯೆಲ್ಲ ಉತ್ತರ ಕಟ್ಟಿಕೊಂಡಿದ್ದಳು. ಎದುರಿಗೆ ನಿಂತಾಗ ಉಳಿದದ್ದು ಇಷ್ಟೇ: “ನಾ ಅಕಿನ್ನ ಬಿಡಸಂಗಿಲ್ರಿ. ತಪ್ಪು ಅಕೀದಲ್ಲ, ನಂದೈತಿ. ನನಗ ಇನ್ನೊಂದು ತಿಂಗಳು ಕೊಡ್ರಿ.”

ಸುಶೀಲವ್ವ ಬಾಯಿ ತೆರೆಯುವುದರೊಳಗೆ ಮಾಲತೇಶ ಅವಳ ಸೀರೆ ಜಗ್ಗಿದ. “ಅಜ್ಜಿ, ಮೆಣಸಿನಕಾಯಿಗೆ ಕೈ ಉರದ್ರ ಏನ್ ಹಚ್ಚಬೇಕು? ಊದಿದ್ರ ಪೂರಾ ಹೋಗವಲ್ಲದಂತ. ಇಕಿ ಅವ್ವಗ.”

ಮುದುಕಿ ಮೊಮ್ಮಗನನ್ನು ನೋಡಿದಳು, ಭುವನಾಳನ್ನು ನೋಡಿದಳು. ಓಣಿಯ ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಕೆಲಸಕ್ಕ ಕುಂದ್ರೂಕಿಂತ ಮೊದ್ಲ ಎಣ್ಣಿ ಹಚ್ಚಬೇಕು,” ಎಂದಳು ಕೊನೆಗೆ, ಯಾರನ್ನೋ ಬಯ್ಯುವ ದನಿಯಲ್ಲೇ. “ಕೈ ಸುಟ್ಟ ಮ್ಯಾಲೆ ಹಚ್ಚಿದ್ರ ಏನ್ ಬಂತು? ಇಷ್ಟು ತಿಳೀದ ಅಕಿಗೆ? ಸಂಜಿಗೆ ಮನಿಗೆ ಬಾ ಅನ್ರಿ, ಹೇಳತೇನಿ.” ತಿರುಗಿ ಎರಡು ಹೆಜ್ಜೆ ಇಟ್ಟು ಮತ್ತೆ ನಿಂತಳು. “ಒಂದು ತಿಂಗಳು. ಮತ್ತ ಹಲ್ಲು ಬಿತ್ತಂದ್ರ ನೋಡ್ರಿ!”

ಮತ್ತೆ ಹಲ್ಲು ಬೀಳಲಿಲ್ಲವೆಂದರೆ ಸುಳ್ಳಾಗುತ್ತದೆ. ಯುಗಾದಿಗೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಬಿದ್ದವು. ಆದರೆ ಯುಗಾದಿಗೆ ಮುಂಚಿನ ಸಲ ಕಚ್ಚಿದವಳೇ ಓಡಿ ಹೋಗಿ ತಣ್ಣೀರ ಬಟ್ಟೆ ತಂದು ಒತ್ತಿದಳು. ಅದನ್ನು ಕೇಳಿದ ಸುಶೀಲವ್ವ ತಿಂಗಳ ಲೆಕ್ಕ ಎತ್ತಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಆಟದ ನಡುವಿನಿಂದ ಎದ್ದು, ಮುಷ್ಟಿ ಬಿಗಿದುಕೊಂಡು ಮಹೇಶ್ವರಿಯ ಹತ್ತಿರ ಬಂದು, “ಅಕ್ಕೋರ, ನನಗ ಕಡೀಬೇಕು ಅನಸಾಕತ್ತೈತಿ!” ಎಂದಳು.

ಅದಕ್ಕೇನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಮಹೇಶ್ವರಿ ತನ್ನ ಸೆರಗಿನ ತುದಿ ಮುಂದೆ ಮಾಡಿದಳು. ಭುವನಾ ಕಣ್ಣು ಮುಚ್ಚಿ, ಇದ್ದಬದ್ದ ಸಿಟ್ಟನ್ನೆಲ್ಲ ಹಾಕಿ ಅದನ್ನು ಕಚ್ಚಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವಳಿಗೇ ನಗು ಬಂದು ಬಾಯಿ ಬಿಟ್ಟಿತು. ಮಹಮೂದಾಬೇಗಂ ಒಲೆಯ ಮುಂದೆ ಹೊಟ್ಟೆ ಹಿಡಿದು ನಕ್ಕಳು. “ಸೀರಿ ಖರ್ಚು ಇಲಾಖೆ ಕೊಡತೈತೇನು ಕೇಳ್ರಿ ಅಕ್ಕೋರ!”

ಮುಂದಿನ ವರ್ಷ, ಎರಡು ಸಾವಿರದ ಏಳರಲ್ಲಿ, ಹಾವೇರಿಯ ಸಭೆಯೊಂದರಲ್ಲಿ ಮೇಲ್ವಿಚಾರಕಿ ಮಹೇಶ್ವರಿಯನ್ನು ಎಬ್ಬಿಸಿ, ನಿಮ್ಮ ಕೇಂದ್ರದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಅಷ್ಟು ನೋಡಿಕೊಳ್ಳುತ್ತಾರಲ್ಲ, ಹೇಗೆಂದು ಹೇಳಿರಿ ಎಂದರು. ಎಂಬತ್ತು ಮಂದಿ ಕಾರ್ಯಕರ್ತೆಯರ ಮುಂದೆ ಮಹೇಶ್ವರಿ ಸೆರಗು ಸರಿಮಾಡಿಕೊಂಡಳು.

“ಕೂಸಿಗೆ ಹೊಡದಿದ್ರ, ಅದರ ಮುಂದ ಕುಂತು ತಪ್ಪಾತು ಅನ್ರಿ,” ಎಂದಳು. “ಅಲ್ಲಿಂದ ಮುಂದ ಕೂಸುಗಳೇ ಹೇಳಿಕೊಡತಾವ.”

ಕೆಲವರು ನಕ್ಕರು. ಅವಳು ಕೂತುಬಿಟ್ಟಳು.

ಸಂಜೆ ಬಸ್‌ನಿಲ್ದಾಣದಲ್ಲಿ ಕುಪ್ಪೇಲೂರ ಕಡೆಯ ಹೊಸ ಕಾರ್ಯಕರ್ತೆಯೊಬ್ಬಳು, ಇಪ್ಪತ್ತೆರಡರ ಪ್ರಾಯದವಳು, ಹಿಂದೆಯೇ ಬಂದು ನಿಂತಳು. “ಅಕ್ಕೋರ, ನೀವು ಹೇಳಿದ್ರಲ್ಲ. ನನ್ನ ಕೇಂದ್ರದಾಗೂ ಒಬ್ಬ ಹುಡುಗ ಅದಾನ. ಹೋದ ವಾರ ಬೆತ್ತ ತಗೊಂಡು ಹೊಡದೇನಿ. ಈಗ ನನ್ನ ಕಂಡ್ರ ಬಾಗಿಲ ಹಿಂದ ಅಡಗತಾನ. ತಪ್ಪಾತು ಅನ್ನಬೇಕಂದ್ರ ಬಾಯಿ ಬರವಲ್ಲದು. ಹೆಂಗ ಶುರು ಮಾಡೂದು?”

ಬ್ಯಾಡಗಿಯ ಬಸ್ಸು ಬಂದು ನಿಂತಿತು. ಜನ ಮುಗಿಬಿದ್ದು ಹತ್ತಿದರು. ಮಹೇಶ್ವರಿ ಕೈಚೀಲವನ್ನು ಕಲ್ಲುಬೆಂಚಿನ ಮೇಲೆ ಇಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕುಂದ್ರವಾ,” ಎಂದಳು. “ಅವನ ಹೆಸರೇನು, ಮೊದ್ಲ ಅದನ್ನ ಹೇಳು.”