ಬಂಗುಡೆ ನೀರು ಕುಡಿದ ಲಿಲ್ಲಿ

ಪ್ರತಿ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಅತ್ತೆ ಬಾಗಿಯಮ್ಮನ ಫೋನು ಬಡಿದುಕೊಳ್ಳುತ್ತಿತ್ತು. ಮಾಡುವವಳು ಖಾರಘರದಲ್ಲಿ ಬೇರೆ ಮನೆ ಮಾಡಿರುವ ಕಿರಿಸೊಸೆ ಪ್ರೇಕ್ಷಾ. ಅತ್ತೆ ಫೋನನ್ನು ಕಿವಿಗೊತ್ತಿಕೊಂಡು ಬೆಡ್‌ರೂಮಿಗೆ ಹೋಗಿ ಮೆಲ್ಲಗೆ ಮಾತಾಡುವರು, ಆಮೇಲೆ ನಗುವರು. ಮುಂಬಯಿ ಪಕ್ಕದ ಡೊಂಬಿವಲಿಯ ಅಡುಗೆಮನೆಯಲ್ಲಿ ಪಾತ್ರೆ ಒರೆಸುವ ಹಿರಿಸೊಸೆ ವನಮಾಲಾಳಿಗೆ ಆ ನಗು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಅತ್ತೆಯನ್ನು ನೋಡಿಕೊಂಡವಳು ಯಾರು? ಹೊತ್ತು ಹೊತ್ತಿಗೆ ಮಾತ್ರೆ ಕೊಡುವವಳು, ಮೀನಿನ ಮುಳ್ಳು ಬಿಡಿಸಿ ಬಡಿಸುವವಳು ಯಾರು? ತನ್ನೆದುರು ಅತ್ತೆ ಒಮ್ಮೆಯಾದರೂ ಹಾಗೆ ನಕ್ಕದ್ದುಂಟೇ?

ಆ ಉರಿಗೆ ತುಪ್ಪ ಸುರಿದದ್ದು ಲಿಲ್ಲಿ ಹೂವಿನ ಗಿಡ. ಅತ್ತೆ ಕಾರ್ಕಳದ ತವರಿನಿಂದ ಅದರ ಎರಡು ಗಡ್ಡೆ ತಂದು ಸೊಸೆಯರಿಗೆ ಒಂದೊಂದು ಕೊಟ್ಟಿದ್ದರು. ಕಳೆದ ಏಪ್ರಿಲ್‌ನಲ್ಲಿ ಎರಡೂ ಹೂಬಿಟ್ಟವು, ಕೆಂಪಗೆ, ಅಂಗೈಯಗಲ. ಆದರೆ ಪ್ರೇಕ್ಷಾಳ ಕುಂಡದಲ್ಲಿ ಎರಡು ದಂಟು, ವನಮಾಲಾಳದ್ದರಲ್ಲಿ ಒಂದೇ. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬಿದ್ದದ್ದೇ ತಡ, "ಪ್ರೇಕ್ಷಾಳ ಕೈಗುಣ ಭಾರಿ ಒಳ್ಳೇದು ಮಾರಾಯ್ತಿ" ಅಂದುಬಿಟ್ಟರು ಅತ್ತೆ. ಅದೂ ಅವರ ಬಟ್ಟಲಿಗೆ ವನಮಾಲಾ ಸಾರು ಬಡಿಸುತ್ತಿರುವಾಗ. ಬರುವ ವರ್ಷ ಅದೇ ಮಾತನ್ನು ಅದೇ ಬಾಯಿಂದ ತನಗೆ ಹೇಳಿಸದೆ ಬಿಡುವುದಿಲ್ಲ ಎಂದು ಅವಳು ಅವತ್ತೇ ಹಟ ಹಿಡಿದಳು.

ಊರಿನಲ್ಲಿ ಮಲ್ಲಿಗೆಗಾಗಲಿ ದಾಸವಾಳಕ್ಕಾಗಲಿ ಮೀನು ತೊಳೆದ ನೀರೇ ಟಾನಿಕ್. ಕಿಟಕಿಯ ಗ್ರಿಲ್‌ನಲ್ಲಿದ್ದ ಲಿಲ್ಲಿಗೂ ಅದೇ ಉಪಚಾರ ನಡೆಯಿತು. ಬಂಗುಡೆ ತಂದ ದಿನ ಬಂಗುಡೆ ನೀರು, ಮೀನಿಲ್ಲದ ದಿನ ಅಕ್ಕಿ ತೊಳೆದ ನೀರು. ಚಳಿ ಶುರುವಾಗಿ ಎಲೆಗಳು ಹಳದಿಗೆ ತಿರುಗಿದಾಗ ಪಾಪ ಹಸಿದಿರಬೇಕೆಂದು ಇನ್ನೊಂದು ಚೊಂಬು ಸುರಿದಳು. "ಇನ್ನು ಅದಕ್ಕೆ ಮೀನಿನ ಗಸಿ ಬಡಿಸುದೊಂದು ಬಾಕಿ" ಎಂದು ಗಂಡ ವಾಸು ತಮಾಷೆ ಮಾಡಿದ. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅತ್ತೆ ಬಾಯಿ ತೆರೆದರು.

"ವನಮಾಲಾ, ಆ ಗಿಡಕ್ಕೆ..."

"ನಂಗೆ ಗೊತ್ತುಂಟು ಅತ್ತೆ. ನೀವು ಸುಮ್ನೆ ಕೂತ್ಕೊಳ್ಳಿ."

ಜನವರಿಯಲ್ಲಿ ಖಾರಘರದ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಠಾಣೆ ರೈಲ್ವೆ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಿ ಹೋದ ವನಮಾಲಾಳ ಕಣ್ಣು ದೇವರಿಗಿಂತ ಮೊದಲು ಲಿಲ್ಲಿಯನ್ನು ಹುಡುಕಿತು. ಹಾಲ್‌ನಲ್ಲಿಲ್ಲ, ಕಿಟಕಿಯಲ್ಲಿಲ್ಲ. ಕೊನೆಗೆ ಡ್ರೈ ಬಾಲ್ಕನಿಯ ವಾಶಿಂಗ್ ಮಶೀನ್ ಹಿಂದೆ ಸಿಕ್ಕಿತು. ಕುಂಡ ಅಡ್ಡ ಮಲಗಿತ್ತು. ಮಣ್ಣು ಒಣಗಿ ಬಿರುಕುಬಿಟ್ಟಿತ್ತು, ಒಂದು ಎಲೆಯೂ ಇರಲಿಲ್ಲ. ವನಮಾಲಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಯ್ಯೋ, ಸತ್ತೇ ಹೋಯ್ತಲ್ಲ ಪ್ರೇಕ್ಷಾ!"

"ಇಲ್ಲ ಅಕ್ಕಾ, ಅದಕ್ಕೆ ಈಗ ಪಾನಿ ಬಂದ್..." ಎಂದು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಪ್ರೇಕ್ಷಾ ಶುರುಮಾಡಿದಳು.

"ಇರ್ಲಿ ಬಿಡು, ಬೇಜಾರು ಮಾಡ್ಬೇಡ. ಎಲ್ಲರ ಕೈಗೂ ಗಿಡ ಹಿಡಿಯುದಿಲ್ಲ. ನನ್ನದು ಮರಿ ಹಾಕಿದ್ರೆ ಒಂದು ಕೊಡ್ತೇನೆ." ಆ ದಿನ ಪ್ರಸಾದ ಅವಳಿಗೆ ಬಹಳ ರುಚಿಸಿತು. ಎರಡು ಸಲ ಹಾಕಿಸಿಕೊಂಡಳು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಗ್ರೂಪಿಗೆ ಫೋಟೋ ಬಂತು. ಅದೇ ಕುಂಡ, ಎದ್ದು ನಿಂತಿತ್ತು. ಬರಿಮಣ್ಣಿನಿಂದ ಮೂರು ದಪ್ಪ ದಂಟು ಹೊರಟು ತುದಿಯಲ್ಲಿ ಮೊಗ್ಗು ಕಟ್ಟಿದ್ದವು. ವನಮಾಲಾ ಮೊಬೈಲನ್ನು ಸೋಫಾದ ಮೇಲೆ ಎಸೆದು ಗ್ರಿಲ್‌ಗೆ ಓಡಿದಳು. ತನ್ನ ಲಿಲ್ಲಿಯ ಉಳಿದೆರಡು ಎಲೆ ಹಿಡಿದು ಎತ್ತಿದರೆ ಅವು ಹಾಗೆಯೇ ಕೈಗೆ ಬಂದವು. ಕೆಳಗಿನ ಗಡ್ಡೆ ಕೊಳೆತು ಲೋಳೆಯಾಗಿ, ಮೂಗು ಮುಚ್ಚುವಷ್ಟು ನಾರುತ್ತಿತ್ತು. ಪ್ರೇಕ್ಷಾ ಅಂದು 'ಪಾನಿ ಬಂದ್' ಎಂದದ್ದರ ಅರ್ಥ ಈಗ ಹೊಳೆಯಿತು. ಅವಳು ಕುಂಡವನ್ನೇ ಹೊತ್ತು ತಂದು ಅತ್ತೆಯ ಕಾಲಬುಡದಲ್ಲಿ ಕುಕ್ಕಿದಳು.

"ಚಳಿಗಾಲದಲ್ಲಿ ನೀರು ನಿಲ್ಲಿಸ್ಬೇಕು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೂ ಆದ ಮೇಲೆ ಎಲೆ ಇರುವಷ್ಟು ದಿನ ಉಣ್ಣಿಸ್ಬೇಕು. ಎಲೆ ಹಳದಿ ಆದ್ರೆ ಅದು ಮಲಗ್ತದೆ, ಮತ್ತೆ ಎಬ್ಬಿಸ್ಲಿಕ್ಕಿಲ್ಲ."

"ಅವಳಿಗೆ ಹೇಳಿದ್ರಿ. ನನಗ್ಯಾಕೆ ಹೇಳ್ಲಿಲ್ಲ? ನಾನು ನಿಮಗೆ ಎಂತ ಕಡಿಮೆ ಮಾಡಿದ್ದೇನೆ?"

"ಕಡಿಮೆ ಎಂತದೂ ಇಲ್ಲ. ನಿಂಗೆ ಎಲ್ಲ ಗೊತ್ತುಂಟು. ನೀನು ನನ್ನ ಹತ್ರ ಯಾವತ್ತಾದ್ರೂ ಒಂದು ಕೇಳಿದ್ದುಂಟಾ? ಈ ಮನೆಯಲ್ಲಿ ನಂಗೆ ಕೂತ್ಕೊಳ್ಳುದೊಂದೇ ಕೆಲಸ. ಅವಳಿಗೆ ಏನೂ ಗೊತ್ತಿಲ್ಲ, ದಿನಾ ಫೋನ್ ಮಾಡಿ ಕೇಳ್ತಾಳೆ. ಅಷ್ಟು ಹೊತ್ತು ನಾನೂ ಒಂದು ಜನ ಅಂತ ಕಾಣ್ತದೆ."

ವನಮಾಲಾಳಿಗೆ ಪ್ರೇಕ್ಷಾಳ ಮೇಲಿನ ಸಿಟ್ಟೇನೂ ಇಳಿದಿರಲಿಲ್ಲ. ಇನ್ನೂ ಸ್ವಲ್ಪ ಹೆಚ್ಚೇ ಆಗಿತ್ತು.

ಅತ್ತೆ ಬಗ್ಗಿ ಆ ಲೋಳೆಯೊಳಗೆ ಬೆರಳಾಡಿಸಿದರು. ಪಕ್ಕದಿಂದ ಒಂದು ಮರಿಗಡ್ಡೆ ಹೊರಬಂತು, ಸಾಂಬಾರ್ ಈರುಳ್ಳಿಯಷ್ಟು ಚಿಕ್ಕದು, ಗಟ್ಟಿಯಾಗಿತ್ತು. ವನಮಾಲಾ ಅಭ್ಯಾಸಬಲದಿಂದ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಹೊಸ ಮಣ್ಣು ತಂದು ಅತ್ತೆಯ ಎದುರಿಟ್ಟು ನೆಲದ ಮೇಲೆ ಕೂತಳು.

"ಎಷ್ಟು ಆಳ ಹಾಕುದು ಅತ್ತೆ? ನೀರು ಎಷ್ಟು?"

ಅತ್ತೆ ಹೇಳತೊಡಗಿದರು. ಗಡ್ಡೆಯ ಕುತ್ತಿಗೆ ಮಣ್ಣಿನ ಹೊರಗಿರಬೇಕು, ನೀರು ಕೈ ತೋಯುವಷ್ಟು ಸಾಕು, ಬಂಗುಡೆ ನೀರಂತೂ ಹತ್ತಿರವೂ ಬರಬಾರದು. ಹೇಳುತ್ತ ಹೇಳುತ್ತ ಕಾರ್ಕಳದ ಅಂಗಳಕ್ಕೆ ಹೋದರು, ತಮ್ಮ ತಾಯಿಯ ಸಿಟ್ಟಿನವರೆಗೂ ಹೋದರು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಗ ಫೋನು ಬಡಿದುಕೊಂಡಿತು. ವನಮಾಲಾ ಮಣ್ಣಿನ ಕೈಯಲ್ಲೇ ಎತ್ತಿದಳು.

"ಅತ್ತೆಗೆ ಈಗ ಪುರುಸೊತ್ತಿಲ್ಲ ಪ್ರೇಕ್ಷಾ. ನಾಳೆ ಮಾಡು."

ಅತ್ತೆ ನಕ್ಕುಬಿಟ್ಟರು. ಬೆಡ್‌ರೂಮಿನೊಳಗಲ್ಲ, ಅಲ್ಲಿಯೇ, ಅವಳೆದುರೇ.